ಜ್ವರ ಬಂದು ಎಷ್ಟನೆಯ ದಿನ?

ನಮ್ಮ ಮನೆಯ ಕಪಾಟಿನಲ್ಲಿ ಎರಡು ರಕ್ತಪರೀಕ್ಷೆಯ ವರದಿಗಳಿವೆ. ಎರಡೂ 2024ರ ಮಳೆಗಾಲದವು, ಎರಡೂ ಡೆಂಗಿ ಪರೀಕ್ಷೆಯವು. ಎರಡರಲ್ಲೂ ಇರುವ ಮೂರು ಸಾಲುಗಳು ಒಂದೇ: ಎನ್‌ಎಸ್‌1 ನಾನ್ ರಿಯಾಕ್ಟಿವ್, ಐಜಿಎಂ ನಾನ್ ರಿಯಾಕ್ಟಿವ್, ಐಜಿಜಿ ರಿಯಾಕ್ಟಿವ್. ಕೊನೆಯ ಪದ ಮಾತ್ರ ದಪ್ಪಕ್ಷರದಲ್ಲಿದೆ. ರಿಯಾಕ್ಟಿವ್ ಎಂದರೆ 'ಇದೆ', ನಾನ್ ರಿಯಾಕ್ಟಿವ್ ಎಂದರೆ 'ಇಲ್ಲ'. ಒಂದು ನನ್ನ ಅಮ್ಮನದು, ಇನ್ನೊಂದು ತಂಗಿಯ ಮಗನದು. ಅಮ್ಮನ ವರದಿ ಕಂಡು ಮನೆಮಂದಿಯೆಲ್ಲ ಗಾಬರಿಬಿದ್ದೆವು, ಒಂದು ರಾತ್ರಿ ಆಸ್ಪತ್ರೆಯಲ್ಲೂ ಕಳೆದೆವು. ಅವರಿಗೆ ಡೆಂಗಿ ಇರಲಿಲ್ಲ. ತಿಂಗಳ ನಂತರ ಹುಡುಗನ ವರದಿ ಬಂದಾಗ, ಇದು ಹಳೆಯ ಸೋಂಕಿನ ಗುರುತಷ್ಟೇ ಎಂದು ನಾವೇ ತೀರ್ಮಾನಿಸಿ ನೆಮ್ಮದಿಯಿಂದ ಇದ್ದೆವು. ಅವನಿಗೆ ಡೆಂಗಿ ಇತ್ತು.

ಅಕ್ಷರ ಅಕ್ಷರ ಒಂದೇ ಆಗಿರುವ ಎರಡು ವರದಿಗಳು ಎರಡು ಬೇರೆ ಸಂಗತಿಗಳನ್ನು ಹೇಳುತ್ತಿದ್ದವು. ಅದು ಹೇಗೆ ಸಾಧ್ಯ ಎಂದು ತಿಳಿದುಕೊಳ್ಳಲು ಹೊರಟಾಗ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರತಿ ಮಳೆಗಾಲದಲ್ಲೂ ನಮ್ಮ ರಾಜ್ಯದ ಸಾವಿರಾರು ಮನೆಗಳಿಗೆ ಇಂಥದೇ ಕಾಗದ ಬರುತ್ತದೆ, ಮತ್ತು ಅದನ್ನು ಓದಲು ಬೇಕಾದ ಮುಖ್ಯ ಮಾಹಿತಿಯೊಂದು ಬಹುಪಾಲು ಆ ಕಾಗದದಲ್ಲಿ ಇರುವುದೇ ಇಲ್ಲ.

ಆ ಮೂರು ಸಾಲುಗಳು ಏನು ಎಂಬುದನ್ನು ಮೊದಲು ನೋಡೋಣ. ಎನ್‌ಎಸ್‌1 ಎಂಬುದು ವೈರಸ್ಸಿನದೇ ಒಂದು ಪ್ರೋಟೀನ್. ವೈರಸ್ ನಮ್ಮ ಜೀವಕೋಶಗಳಲ್ಲಿ ಬೆಳೆಯುತ್ತಿರುವಾಗ ಇದು ರಕ್ತಕ್ಕೆ ಸೇರುತ್ತದೆ. ಜ್ವರದ ಮೊದಲ ದಿನದಿಂದಲೇ ಸಿಗುತ್ತದೆ, ಐದಾರು ದಿನಗಳಾದ ಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ಅಂದರೆ ಎನ್‌ಎಸ್‌1 ಪರೀಕ್ಷೆ ಹುಡುಕುವುದು ಕಳ್ಳನನ್ನೇ. ಐಜಿಎಂ ಮತ್ತು ಐಜಿಜಿ ಹಾಗಲ್ಲ. ಅವು ನಮ್ಮ ದೇಹ ತಯಾರಿಸುವ ಪ್ರತಿಕಾಯಗಳು. ಕಳ್ಳ ಬಂದದ್ದನ್ನು ಕಂಡ ಊರಿನವರು ಹೇಳುವ ಸಾಕ್ಷಿಯಂತೆ. ಸಾಕ್ಷಿ ಬಂದು ನಿಲ್ಲಲು ಸಮಯ ಬೇಕು. ಒಮ್ಮೆ ಬಂದ ಸಾಕ್ಷಿ ಕಳ್ಳ ಹೋದ ಮೇಲೂ ಅಲ್ಲೇ ಇರುತ್ತದೆ.

ಐಜಿಎಂ ಮೊದಲು ಬರುವ ಪ್ರತಿಕಾಯ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಪ್ರಕಾರ, ಮೊದಲ ಬಾರಿ ಡೆಂಗಿ ತಗುಲಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಜ್ವರದ ಮೂರರಿಂದ ಐದನೆಯ ದಿನದೊಳಗೆ ಐಜಿಎಂ ಕಾಣಿಸಿಕೊಳ್ಳುತ್ತದೆ. ಐದನೆಯ ದಿನಕ್ಕೆ ಶೇ 80, ಹತ್ತನೆಯ ದಿನಕ್ಕೆ ಶೇ 99 ಮಂದಿಯಲ್ಲಿ ಇರುತ್ತದೆ. ಎರಡು ವಾರಗಳ ಹೊತ್ತಿಗೆ ಶಿಖರ ಮುಟ್ಟಿ, ಎರಡು ಮೂರು ತಿಂಗಳಲ್ಲಿ ಮಾಯವಾಗುತ್ತದೆ. ಹೀಗಾಗಿ ಜ್ವರದ ಎರಡನೆಯ ದಿನ ಮಾಡಿಸಿದ ಐಜಿಎಂ ಪರೀಕ್ಷೆಯಲ್ಲಿ 'ಇಲ್ಲ' ಎಂದು ಬಂದರೆ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ಹಾಗೆಯೇ, ಜುಲೈನಲ್ಲಿ ಡೆಂಗಿಯಿಂದ ಗುಣವಾದವರಿಗೆ ಸೆಪ್ಟೆಂಬರ್‌ನಲ್ಲಿ ಬೇರೊಂದು ಜ್ವರ ಬಂದರೆ ಆಗಲೂ ಐಜಿಎಂ 'ಇದೆ' ಎಂದು ಬರಬಹುದು.

ಐಜಿಜಿ ನಿಧಾನಿ. ಮೊದಲ ಸೋಂಕಿನಲ್ಲಿ ಮೊದಲ ವಾರದ ಕೊನೆಗೆ ತೆಳುವಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಬಂದದ್ದು ಹೋಗುವುದಿಲ್ಲ. ವರ್ಷಗಟ್ಟಲೆ, ಬಹುಶಃ ಬದುಕಿನುದ್ದಕ್ಕೂ ಉಳಿಯುತ್ತದೆ. ಅಮ್ಮನ ವರದಿಯಲ್ಲಿ ದಪ್ಪಕ್ಷರದಲ್ಲಿದ್ದುದು ಇದೇ. ಎಂದೋ ಒಂದು ಮಳೆಗಾಲದಲ್ಲಿ, ಬಹುಶಃ ಜ್ವರವೆಂದು ಮಲಗದೆಯೇ, ಅವರು ಡೆಂಗಿಯನ್ನು ದಾಟಿ ಬಂದಿದ್ದರು. ಡೆಂಗಿ ಸೋಂಕುಗಳಲ್ಲಿ ಬಹುಪಾಲು ಲಕ್ಷಣಗಳೇ ಇಲ್ಲದೆ ಅಥವಾ ಸಾಮಾನ್ಯ ಜ್ವರದಂತೆ ಬಂದು ಹೋಗುತ್ತವೆ. ದೇಹ ಮಾತ್ರ ಅದನ್ನು ಬರೆದಿಟ್ಟುಕೊಂಡಿರುತ್ತದೆ.

ಅಮ್ಮನೊಬ್ಬರೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017-18ರಲ್ಲಿ 15 ರಾಜ್ಯಗಳ 60 ಜಿಲ್ಲೆಗಳಲ್ಲಿ 5ರಿಂದ 45 ವರ್ಷದೊಳಗಿನ 12,300 ಜನರ ರಕ್ತದಲ್ಲಿ ಡೆಂಗಿಯ ಐಜಿಜಿ ಇದೆಯೇ ಎಂದು ಸಮೀಕ್ಷೆ ನಡೆಸಿತು. ಇಡೀ ದೇಶದ ಅಂದಾಜು ಶೇ 48.7. ದಕ್ಷಿಣ ಭಾರತದಲ್ಲಿ ಮಾತ್ರ ಶೇ 76.9. ನಮ್ಮ ಕಡೆ ಬೀದಿಯಲ್ಲಿ ಹೋಗುವ ನಾಲ್ವರನ್ನು ನಿಲ್ಲಿಸಿ ರಕ್ತ ತೆಗೆದರೆ ಮೂವರ ವರದಿಯಲ್ಲಿ ಆ ದಪ್ಪಕ್ಷರದ ಪದ ಬರುತ್ತದೆ ಎಂದಾಯಿತು. ವಯಸ್ಸಾದಂತೆ ಈ ಪ್ರಮಾಣ ಏರುತ್ತದೆ: ದೇಶದ ಲೆಕ್ಕದಲ್ಲಿ 5ರಿಂದ 8 ವರ್ಷದ ಮಕ್ಕಳಲ್ಲಿ ಶೇ 28.3, 18ರಿಂದ 45ರ ವಯಸ್ಸಿನವರಲ್ಲಿ ಶೇ 56.2. ಇಷ್ಟು ಸಾಮಾನ್ಯವಾದ ಗುರುತನ್ನು ಜ್ವರ ಬಂದ ಅರವತ್ತೆಂಟರ ಹೆಂಗಸಿನ ರಕ್ತದಲ್ಲಿ ಕಂಡು ಡೆಂಗಿ ಎಂದು ಭಾವಿಸುವುದು, ಕಾಲಿನ ಮೇಲಿನ ಹಳೆಯ ಗಾಯದ ಕಲೆಯನ್ನು ಕಂಡು ಇವತ್ತು ಬಿದ್ದರೆಂದು ಭಾವಿಸಿದಂತೆ. ಅಮ್ಮನ ಜ್ವರ ನಾಲ್ಕು ದಿನಕ್ಕೆ ಇಳಿಯಿತು. ವಾರದ ನಂತರ ಮತ್ತೆ ಮಾಡಿಸಿದ ಪರೀಕ್ಷೆಯಲ್ಲಿ ಐಜಿಎಂ ಇರಲಿಲ್ಲ, ಐಜಿಜಿ ಏರಿಯೂ ಇರಲಿಲ್ಲ.

ಹಾಗಾದರೆ ಹುಡುಗನದು? ಇಲ್ಲಿಯೇ ನಾವು ಎಡವಿದ್ದು.

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಸೋಂಕು ಬಂದು ಹೋದರೆ ಆ ಬಗೆಯ ವಿರುದ್ಧ ಬಾಳಿಕೆ ಬರುವ ರಕ್ಷಣೆ ಸಿಗುತ್ತದೆ, ಉಳಿದ ಮೂರರ ವಿರುದ್ಧ ಸಿಗುವುದಿಲ್ಲ. ಎರಡನೆಯ ಬಾರಿ ಬೇರೆ ಬಗೆ ತಗುಲಿದಾಗ ದೇಹದ ಹಳೆಯ ನೆನಪು ಮೊದಲು ಎಚ್ಚರಗೊಳ್ಳುತ್ತದೆ. ಐಜಿಜಿ ಜ್ವರದ ಮೊದಲ ದಿನಗಳಲ್ಲೇ ಸರ್ರನೆ ಏರುತ್ತದೆ. ಹೊಸದಾಗಿ ತಯಾರಾಗಬೇಕಾದ ಐಜಿಎಂ ಕಡಿಮೆ ಬರುತ್ತದೆ, ಕೆಲವರಲ್ಲಿ ಅಳತೆಗೇ ಸಿಗುವುದಿಲ್ಲ. ಇನ್ನೂ ಒಂದು ತೊಡಕಿದೆ: ಮೊದಲೇ ಇರುವ ಪ್ರತಿಕಾಯಗಳು ಎನ್‌ಎಸ್‌1 ಪ್ರೋಟೀನನ್ನು ಹಿಡಿದುಕೊಂಡುಬಿಡುವುದರಿಂದ ಆ ಪರೀಕ್ಷೆಯೂ ಎರಡನೆಯ ಸೋಂಕಿನಲ್ಲಿ ಹೆಚ್ಚು ಸಲ ತಪ್ಪಿಸಿಕೊಳ್ಳುತ್ತದೆ. ಹೀಗೆ ಮೂರನೆಯ ದಿನದ ವರದಿಯಲ್ಲಿ ಎನ್‌ಎಸ್‌1 ಇಲ್ಲ, ಐಜಿಎಂ ಇಲ್ಲ, ಐಜಿಜಿ ಮಾತ್ರ ಇದೆ ಎಂದು ಬರಬಹುದು. ಅಮ್ಮನ ವರದಿಯಲ್ಲಿ ಇದ್ದಂತೆಯೇ. ಹುಡುಗನಿಗೆ ಹನ್ನೊಂದು ವರ್ಷ. ಆರನೆಯ ದಿನ ತಾಲ್ಲೂಕು ಆಸ್ಪತ್ರೆಯಿಂದ ಕಳುಹಿಸಿದ ಎರಡನೆಯ ಮಾದರಿಯಲ್ಲಿ ಐಜಿಎಂ ಬಂತು. ಅಷ್ಟರಲ್ಲಿ ಅವನಿಗೆ ಹೊಟ್ಟೆನೋವು ಶುರುವಾಗಿತ್ತು, ಕುಡಿದ ನೀರನ್ನೂ ವಾಂತಿ ಮಾಡುತ್ತಿದ್ದ.

ಎರಡು ವರದಿಗಳ ನಡುವಿನ ವ್ಯತ್ಯಾಸ ಕಾಣಿಸಬಹುದಾಗಿದ್ದ ಒಂದು ಜಾಗವೆಂದರೆ ಐಜಿಜಿಯ ಪ್ರಮಾಣ. ಆದರೆ ಇವೆರಡೂ ಕಾರ್ಡ್ ಪರೀಕ್ಷೆಯ ವರದಿಗಳು, ಅಂದರೆ ಪುಟ್ಟ ಕಿಟ್ಟಿನ ಮೇಲೆ ರಕ್ತದ ಹನಿ ಹಾಕಿ ನೋಡುವಂಥವು. ಕಾರ್ಡ್ ಪರೀಕ್ಷೆ ಪ್ರಮಾಣವನ್ನು ಹೇಳುವುದಿಲ್ಲ, ಗೆರೆ ಮೂಡಿತೇ ಇಲ್ಲವೇ ಎಂಬುದನ್ನಷ್ಟೇ ಹೇಳುತ್ತದೆ. ಅದರಲ್ಲೂ ಎಲ್ಲ ಕಿಟ್‌ಗಳ ಐಜಿಜಿ ಗೆರೆಯ ಅರ್ಥ ಒಂದೇ ಅಲ್ಲ ಎಂಬುದು ನನಗೆ ಗೊತ್ತಾದಾಗ ನಿಜಕ್ಕೂ ಆಶ್ಚರ್ಯವಾಯಿತು. ಕೆಲವು ಕಿಟ್‌ಗಳನ್ನು ಬೇಕೆಂದೇ ಮಂದವಾಗಿ ಹೊಂದಿಸಿರುತ್ತಾರೆ. ಎರಡನೆಯ ಸೋಂಕಿನಲ್ಲಿ ಬರುವಂಥ ಎತ್ತರದ ಪ್ರಮಾಣವಿದ್ದರೆ ಮಾತ್ರ ಅವುಗಳಲ್ಲಿ ಗೆರೆ ಮೂಡುತ್ತದೆ. ಬೇರೆ ಕೆಲವು ಪರೀಕ್ಷೆಗಳು ಹತ್ತು ವರ್ಷ ಹಿಂದಿನ ಸೋಂಕಿನ ಸಣ್ಣ ಕುರುಹನ್ನೂ ಹಿಡಿಯುತ್ತವೆ. ಮೊದಲನೆಯದರಲ್ಲಿ ಐಜಿಜಿ ಬಂದರೆ ವೈದ್ಯರು ಎಚ್ಚರಗೊಳ್ಳಬೇಕು; ಎರಡನೆಯದರಲ್ಲಿ ಬಂದರೆ ಬಹುತೇಕ ಏನೂ ಹೇಳಿದಂತಾಗಲಿಲ್ಲ. ರೋಗಿಯ ಕೈಗೆ ಬರುವ ಕಾಗದದಲ್ಲಿ ಮಾತ್ರ ಎರಡಕ್ಕೂ ಒಂದೇ ಪದ.

ಪ್ರಯೋಗಾಲಯದಲ್ಲಿ ಮಾಡುವ ಎಲೈಸಾ ಎಂಬ ಪರೀಕ್ಷೆಯ ಕಥೆ ಬೇರೆ. ಪರಿಚಯದ ತಂತ್ರಜ್ಞರೊಬ್ಬರ ಕೃಪೆಯಿಂದ ಅದು ನಡೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಸಾಲಿಗೆ ಹನ್ನೆರಡರಂತೆ ಎಂಟು ಸಾಲು, ಒಟ್ಟು 96 ಪುಟ್ಟ ಗುಳಿಗಳು. ಪಡ್ಡಿನ ಕಾವಲಿಯನ್ನು ಬೊಂಬೆಯಾಟಕ್ಕೆಂದು ಚಿಕ್ಕದಾಗಿ ಮಾಡಿದಂತೆ. ಐಜಿಎಂ ಪರೀಕ್ಷೆಯಾದರೆ ಪ್ರತಿ ಗುಳಿಯ ತಳಕ್ಕೂ ಮನುಷ್ಯರ ಐಜಿಎಂ ಅನ್ನು ಹಿಡಿದುಕೊಳ್ಳುವ ಲೇಪನವಿರುತ್ತದೆ. ರೋಗಿಯ ರಕ್ತದ ತಿಳಿಯನ್ನು ನೀರಾಗಿಸಿ ಹಾಕಿದಾಗ ಅದರಲ್ಲಿರುವ ಐಜಿಎಂ ಎಲ್ಲ ತಳಕ್ಕೆ ಅಂಟುತ್ತದೆ. ಅದು ಯಾವ ರೋಗದ್ದೆಂದು ಆಗಿನ್ನೂ ತಿಳಿಯದು. ನಂತರ ಡೆಂಗಿ ವೈರಸ್ಸಿನ ಅಂಶವನ್ನು ಹಾಕುತ್ತಾರೆ. ಅಂಟಿರುವ ಐಜಿಎಂನಲ್ಲಿ ಡೆಂಗಿಗೆ ಸೇರಿದ್ದು ಇದ್ದರೆ ಅದು ಆ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ತೊಳೆದಾಗ ಹೋಗುತ್ತದೆ. ಪ್ರತಿ ಹಂತದ ನಡುವೆ ತೊಳೆಯುವುದು, ಕಾಯುವುದು, ಮತ್ತೆ ತೊಳೆಯುವುದು. ಕೊನೆಗೆ ಬಣ್ಣ ಬರಿಸುವ ದ್ರವ. ಕೆಲವು ಗುಳಿಗಳು ನೋಡನೋಡುತ್ತಲೇ ನೀಲಿಯಾದವು. ಆಮ್ಲದ ಹನಿ ಬಿದ್ದೊಡನೆ ಆ ನೀಲಿ ಅರಿಶಿನವಾಯಿತು. ಯಂತ್ರವೊಂದು ಆ ಹಳದಿ ಎಷ್ಟು ಗಾಢವೆಂದು ಅಳೆದು ಅಂಕೆ ಕೊಟ್ಟಿತು.

ಆ ಅಂಕೆಯೇ ಕಾರ್ಡ್‌ಗೂ ಎಲೈಸಾಗೂ ಇರುವ ದೊಡ್ಡ ಅಂತರ. ಆದರೆ ಈ ಕೆಲಸಕ್ಕೆ ಗಂಟೆಗಳು ಬೇಕು, ತಟ್ಟೆ ತುಂಬುವಷ್ಟು ಮಾದರಿಗಳು ಸೇರುವವರೆಗೆ ಕಾಯುವುದೂ ಇರುತ್ತದೆ. ಕಾರ್ಡ್‌ಗೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಮಗುವನ್ನು ತೋಳಲ್ಲಿ ಹೊತ್ತು ನಿಂತ ತಾಯಿಗೆ ನಾಳೆ ಸಂಜೆ ಬನ್ನಿ ಎನ್ನುವುದಕ್ಕಿಂತ ಇಪ್ಪತ್ತು ನಿಮಿಷ ಕೂರಿ ಎನ್ನುವುದು ಸುಲಭ. ಕಾರ್ಡ್‌ಗಳು ಇಷ್ಟು ಹರಡಿರುವುದಕ್ಕೆ ಕಾರಣ ಬರೀ ದುರಾಸೆಯಲ್ಲ, ಕಾಯಲಾಗದ ಕಾತರವೂ ಹೌದು.

ಮತ್ತೆ ಮತ್ತೆ ಎರಡನೆಯ ಸೋಂಕಿನ ಮಾತು ಬರುತ್ತಿರುವುದಕ್ಕೆ ಕಾರಣವಿದೆ. ಸಾಮಾನ್ಯವಾಗಿ ಪ್ರತಿಕಾಯವೆಂದರೆ ರಕ್ಷಣೆ. ಡೆಂಗಿಯಲ್ಲಿ ಅದೇ ಪ್ರತಿಕಾಯ ಅಪಾಯಕ್ಕೂ ದಾರಿಯಾಗಬಹುದು. ಅಮೆರಿಕದ ವಿಜ್ಞಾನಿ ಸ್ಕಾಟ್ ಹಾಲ್‌ಸ್ಟೆಡ್ 1960ರ ದಶಕದಲ್ಲಿ ಬ್ಯಾಂಕಾಕ್‌ನ ಮಕ್ಕಳಲ್ಲಿ ಇದನ್ನು ಗಮನಿಸಿದರು: ರಕ್ತಸ್ರಾವ, ರಕ್ತದೊತ್ತಡದ ಕುಸಿತದಂಥ ತೀವ್ರ ರೂಪ ಎರಡನೆಯ ಬಾರಿ ಸೋಂಕಿತರಾದವರಲ್ಲೇ ಹೆಚ್ಚಾಗಿತ್ತು. ಹಳೆಯ ಬಗೆಯ ವಿರುದ್ಧ ತಯಾರಾದ ಪ್ರತಿಕಾಯ ಹೊಸ ಬಗೆಯನ್ನು ಹಿಡಿಯುತ್ತದೆ, ಆದರೆ ಕೊಲ್ಲಲಾರದು. ಹಿಡಿದ ವೈರಸ್ಸನ್ನು ರಕ್ಷಕ ಜೀವಕೋಶಗಳು ಒಳಗೆ ಕರೆದುಕೊಳ್ಳುತ್ತವೆ, ಅಲ್ಲಿ ಅದು ಇನ್ನಷ್ಟು ಬೆಳೆಯುತ್ತದೆ.

ಕ್ಯೂಬಾ ಈ ವಾದಕ್ಕೆ ದೊರೆತ ದಾರುಣವಾದ ಪುರಾವೆ. ಆ ದ್ವೀಪದಲ್ಲಿ 1977ರಲ್ಲಿ ಡೆಂಗಿಯ ಮೊದಲ ಬಗೆ ಸೌಮ್ಯವಾಗಿ ಹರಡಿತು. 1981ರಲ್ಲಿ ಎರಡನೆಯ ಬಗೆ ಬಂದಾಗ 3,44,203 ಮಂದಿ ಕಾಯಿಲೆ ಬಿದ್ದರು, 158 ಮಂದಿ ಸತ್ತರು. 1997ರಲ್ಲಿ ಸ್ಯಾಂಟಿಯಾಗೊ ನಗರಕ್ಕೆ ಮತ್ತೆ ಎರಡನೆಯ ಬಗೆಯೇ ಬಂತು. ಆಗ ತೀವ್ರವಾಗಿ ನರಳಿದವರು ವಯಸ್ಕರೇ. ಇಪ್ಪತ್ತು ವರ್ಷದ ಹಿಂದಿನ ಮೊದಲ ಬಗೆಯನ್ನು ಕಾಣದಿದ್ದ ಮಕ್ಕಳು ಪಾರಾದರು. ಎರಡು ದಶಕದ ಹಿಂದಿನ ಸೌಮ್ಯ ಜ್ವರವೊಂದು ರಕ್ತದಲ್ಲಿ ಉಳಿದು ಹೀಗೆ ಎದುರಾಗಬಹುದು. ಮುಂದೆ 2017ರಲ್ಲಿ ಲೇಯಾ ಕ್ಯಾಟ್ಜೆಲ್ನಿಕ್, ಇವಾ ಹ್ಯಾರಿಸ್ ಮತ್ತು ಸಂಗಡಿಗರು ನಿಕರಾಗುವಾದ ಆರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಇನ್ನೊಂದು ಸೂಕ್ಷ್ಮವನ್ನು ತೋರಿಸಿದರು. ಪ್ರತಿಕಾಯ ಇಲ್ಲವೇ ಇಲ್ಲದ ಮಕ್ಕಳಿಗೂ ಬೇಕಾದಷ್ಟು ಇದ್ದ ಮಕ್ಕಳಿಗೂ ಅಪಾಯ ಕಡಿಮೆ. ನಡುವಿನ ಒಂದು ಅಳತೆಯಲ್ಲಿದ್ದವರಿಗೇ ತೀವ್ರ ಡೆಂಗಿಯ ಅಪಾಯ ಹೆಚ್ಚು. ಹೌದು ಅಥವಾ ಇಲ್ಲ ಎಂದಷ್ಟೇ ಹೇಳುವ ಕಾರ್ಡಿನ ಗೆರೆಗೆ ಈ ನಡುವಿನ ಅಳತೆ ಎಲ್ಲಿ ಕಾಣಿಸೀತು?

ಹಳೆಯ ಸೋಂಕನ್ನು ಹೇಳುವ ಐಜಿಜಿ ಪರೀಕ್ಷೆಯನ್ನು ಮಾಡದೆ ಹೋದದ್ದರಿಂದ ಆದ ಒಂದು ದೊಡ್ಡ ಹಾನಿ ಫಿಲಿಪ್ಪೀನ್ಸ್‌ನದು. 2016ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಸನೋಫಿ ಕಂಪನಿಯ ಡೆಂಗ್‌ವ್ಯಾಕ್ಸಿಯಾ ಲಸಿಕೆಯನ್ನು ಶಾಲೆಗಳಲ್ಲಿ ಕೊಡಲು ಶುರುಮಾಡಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಚುಚ್ಚಿಸಿಕೊಂಡರು. ಅವರಿಗೆ ಮೊದಲು ಡೆಂಗಿ ಬಂದಿತ್ತೇ ಎಂದು ರಕ್ತ ಪರೀಕ್ಷಿಸಿರಲಿಲ್ಲ. 2017ರ ನವೆಂಬರ್‌ನಲ್ಲಿ ಕಂಪನಿಯೇ ಹೊರಬಂದು ಹೇಳಿತು: ಮೊದಲೊಮ್ಮೆ ಡೆಂಗಿ ಬಂದವರಿಗೆ ಈ ಲಸಿಕೆ ರಕ್ಷಣೆ ಕೊಡುತ್ತದೆ, ಒಮ್ಮೆಯೂ ಬರದವರಲ್ಲಿ ಮುಂದೆ ಬರುವ ಡೆಂಗಿ ತೀವ್ರವಾಗುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಲಸಿಕೆಯೇ ದೇಹಕ್ಕೆ ಮೊದಲ ಸೋಂಕಿನಂತೆ ಕೆಲಸ ಮಾಡಿತ್ತು, ನಂತರ ಬರುವ ನಿಜವಾದ ಸೋಂಕು ಎರಡನೆಯದಾಗುತ್ತಿತ್ತು. ಡಿಸೆಂಬರ್‌ನಲ್ಲಿ ಕಾರ್ಯಕ್ರಮ ನಿಂತಿತು. ಮಕ್ಕಳ ತಂದೆತಾಯಂದಿರ ಭಯ ಡೆಂಗಿ ಲಸಿಕೆಗಷ್ಟೇ ನಿಲ್ಲದೆ ಬೇರೆಲ್ಲ ಲಸಿಕೆಗಳ ಮೇಲಿನ ನಂಬಿಕೆಯನ್ನೂ ಅಲುಗಿಸಿತು. ಮುಂದಿನ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಮೊದಲು ಐಜಿಜಿ ಪರೀಕ್ಷೆ ಮಾಡಿ, ಹಿಂದೆ ಸೋಂಕಾಗಿದ್ದವರಿಗೆ ಮಾತ್ರ ಈ ಲಸಿಕೆ ಕೊಡಿ ಎಂದಿತು. ಆಗ ಇನ್ನೊಂದು ಪ್ರಶ್ನೆ ಎದ್ದಿತು. ಆ ಪರೀಕ್ಷೆ ತಪ್ಪಾಗಿ 'ಇದೆ' ಎಂದರೆ, ಲಸಿಕೆ ಕೊಡಬಾರದ ಮಗುವಿಗೇ ಕೊಟ್ಟಂತಾಗುತ್ತದೆ. ಜ್ವರದ ರೋಗಿಗೆ ಸಾಕೆನಿಸಿದ್ದ ಕಾರ್ಡ್‌ಗಳು ಈ ಕೆಲಸಕ್ಕೆ ಸಾಲದಾದವು.

ತಪ್ಪಾಗಿ 'ಇದೆ' ಎನ್ನುವುದಕ್ಕೆ ನಮ್ಮ ನೆಲದಲ್ಲಿ ವಿಶೇಷ ಕಾರಣಗಳಿವೆ. ಡೆಂಗಿ ವೈರಸ್ ಫ್ಲೇವಿವೈರಸ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಜಪಾನೀಸ್ ಎನ್ಸೆಫಲೈಟಿಸ್, ಝೀಕಾ, ವೆಸ್ಟ್ ನೈಲ್ ಇವೆಲ್ಲ ಅದರ ದಾಯಾದಿಗಳು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಸ್ಸೂ ಇದೇ ಕುಟುಂಬದ್ದು, ಸ್ವಲ್ಪ ದೂರದ ಕವಲು. ಒಂದೇ ಮನೆತನದ ಮುಖಚಹರೆ ಇರುವುದರಿಂದ ಒಬ್ಬರ ವಿರುದ್ಧ ತಯಾರಾದ ಪ್ರತಿಕಾಯ ಇನ್ನೊಬ್ಬರನ್ನೂ ಅಷ್ಟಿಷ್ಟು ಗುರುತು ಹಿಡಿಯುತ್ತದೆ. ಐಜಿಜಿಯಲ್ಲಿ ಈ ಗೊಂದಲ ಹೆಚ್ಚು. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇ ವರೆಗಿನ ಜ್ವರವನ್ನು ಮಳೆಗಾಲದ ಜ್ವರದಂತೆ ಓದಬಾರದು ಎಂದು ಅಲ್ಲಿನ ವೈದ್ಯರು ಹೇಳುವುದರಲ್ಲಿ ಅರ್ಥವಿದೆ. ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತೇ, ಸುತ್ತಮುತ್ತ ಮಂಗ ಸತ್ತಿತ್ತೇ ಎಂಬ ಮೂರು ಪ್ರಶ್ನೆಗಳು ಅಲ್ಲಿ ಕಾರ್ಡಿಗಿಂತ ಹೆಚ್ಚು ಹೇಳುತ್ತವೆ.

ಕುಟುಂಬದವರಷ್ಟೇ ಅಲ್ಲ, ಸಂಬಂಧವೇ ಇಲ್ಲದ ಸೋಂಕುಗಳೂ ಮೋಸ ಮಾಡುತ್ತವೆ. 2020ರಲ್ಲಿ ಸಿಂಗಪುರದ ವೈದ್ಯರು ಇಬ್ಬರು ರೋಗಿಗಳ ಪ್ರಕರಣ ವರದಿ ಮಾಡಿದರು. ಇಬ್ಬರ ಕಾರ್ಡ್ ಪರೀಕ್ಷೆಯೂ ಡೆಂಗಿ ಎಂದಿತ್ತು. ಇಬ್ಬರಿಗೂ ಇದ್ದದ್ದು ಕೋವಿಡ್. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಇದಕ್ಕಿಂತ ಹೆಚ್ಚು ಚಿಂತಿಸಬೇಕಾದದ್ದು ಇಲಿಜ್ವರದ ಬಗ್ಗೆ. ಮಳೆಗಾಲ, ಜ್ವರ, ಮೈಕೈನೋವು, ಕಡಿಮೆಯಾದ ಪ್ಲೇಟ್‌ಲೆಟ್. ಇಲಿಜ್ವರಕ್ಕೂ ನುಸಿಯಂಥ ಪುಟ್ಟ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೂ ಡೆಂಗಿಗೂ ಇವೇ ಲಕ್ಷಣಗಳು. ಡೆಂಗಿ ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ, ಆರೈಕೆಯಷ್ಟೇ ಇದೆ. ಇಲಿಜ್ವರಕ್ಕೂ ಸ್ಕ್ರಬ್ ಟೈಫಸ್‌ಗೂ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯಿದೆ, ಬೇಗ ಕೊಟ್ಟರೆ ಜೀವ ಉಳಿಸುತ್ತದೆ. ಡೆಂಗಿ ಕಾರ್ಡಿನಲ್ಲಿ ಮೂಡಿದ ಒಂದು ಮಸುಕು ಗೆರೆ ಆ ಮಾತ್ರೆಯನ್ನು ಮೂರು ದಿನ ತಡಮಾಡಿದರೆ ಆ ತಪ್ಪಿನ ಬೆಲೆ ಕಾರ್ಡಿಗೆ ಕೊಟ್ಟ ಹಣವಷ್ಟೇ ಅಲ್ಲ.

ಇದರ ಜೊತೆಗೆ ಟೈಫಾಯ್ಡ್ ಪತ್ತೆಗೆಂದು ಮಾಡಿಸುವ ವಿಡಾಲ್ ಪರೀಕ್ಷೆಯ ಬಗ್ಗೆಯೂ ಒಂದು ಮಾತು. 'ಡೆಂಗಿಯೂ ಇದೆ, ಟೈಫಾಯ್ಡೂ ಇದೆ' ಎಂಬ ಮಾತನ್ನು ಕೇಳದವರು ಕಡಿಮೆ. ಫ್ರಾನ್ಸ್‌ನ ಫೆರ್ನಾಂಡ್ ವಿಡಾಲ್ 1896ರಲ್ಲಿ ವಿವರಿಸಿದ ಆ ಪರೀಕ್ಷೆಯೂ ಪ್ರತಿಕಾಯವನ್ನೇ ಹುಡುಕುತ್ತದೆ, ಹಳೆಯ ಸೋಂಕಿಗೂ ಬೇರೆ ಸೋಂಕಿಗೂ ಹೌದೆನ್ನುತ್ತದೆ. ಎರಡು ಕಾಯಿಲೆ ಒಟ್ಟಿಗೆ ಬರುವುದುಂಟು, ಆದರೆ ಆ ಮಾತು ಕೇಳಿಬರುವಷ್ಟು ಸಲ ಬರುವುದಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಸಂಖ್ಯೆಗಳು ಲೆಕ್ಕದ ಸಲುವಾಗಿ ನಾನು ಇಟ್ಟುಕೊಂಡವು. ಒಂದು ಕಾರ್ಡ್ ನಿಜವಾದ ಡೆಂಗಿಯವರಲ್ಲಿ ನೂರಕ್ಕೆ 80 ಜನರನ್ನು ಹಿಡಿಯುತ್ತದೆ, ಡೆಂಗಿ ಇಲ್ಲದವರಲ್ಲಿ ನೂರಕ್ಕೆ 10 ಜನರಿಗೆ ತಪ್ಪಾಗಿ ಇದೆ ಎನ್ನುತ್ತದೆ ಎಂದುಕೊಳ್ಳಿ. ಜುಲೈ ತಿಂಗಳಲ್ಲಿ ಜ್ವರದಿಂದ ಬಂದ ಸಾವಿರ ಜನರಲ್ಲಿ 300 ಮಂದಿಗೆ ಡೆಂಗಿ ಇದ್ದರೆ, ಕಾರ್ಡ್ 240 ಜನರಲ್ಲಿ ಸರಿಯಾಗಿಯೂ 70 ಜನರಲ್ಲಿ ತಪ್ಪಾಗಿಯೂ ಇದೆ ಎನ್ನುತ್ತದೆ. ಅದೇ ಕಾರ್ಡನ್ನು ಫೆಬ್ರುವರಿಯಲ್ಲಿ ಬಳಸಿದೆವು, ಸಾವಿರದಲ್ಲಿ 50 ಮಂದಿಗಷ್ಟೇ ಡೆಂಗಿ ಇದೆ ಎನ್ನೋಣ. ಆಗ ಸರಿಯಾದ 'ಇದೆ' 40, ತಪ್ಪಾದ 'ಇದೆ' 95. ಕಾರ್ಡ್ ಅದೇ, ಬೆಲೆ ಅದೇ, ಗೆರೆಯ ಬಣ್ಣವೂ ಅದೇ. ಜುಲೈನಲ್ಲಿ ಅದು ನಾಲ್ಕಕ್ಕೆ ಮೂರು ಸಲ ನಿಜ ಹೇಳಿತು, ಫೆಬ್ರುವರಿಯಲ್ಲಿ ಮೂರಕ್ಕೆ ಎರಡು ಸಲ ಸುಳ್ಳು ಹೇಳಿತು. 'ಎಲ್ಲರೂ ಒಮ್ಮೆ ಮಾಡಿಸಿಕೊಳ್ಳಿ, ನೆಮ್ಮದಿಗಿರಲಿ' ಎಂಬ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕಾಗಿ.

ಸರ್ಕಾರದ ಮಟ್ಟದಲ್ಲಿ ಏನಾಗಿದೆ? 2024ರ ಜುಲೈನಲ್ಲಿ, ಡೆಂಗಿ ಏರುತ್ತಿದ್ದಾಗ, ರಾಜ್ಯ ಸರ್ಕಾರ ಖಾಸಗಿ ಪ್ರಯೋಗಾಲಯಗಳಿಗೆ ದರ ನಿಗದಿ ಮಾಡಿತು: ಎನ್‌ಎಸ್‌1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300 ರೂಪಾಯಿ, ಮೂರನ್ನೂ ನೋಡುವ ಕಾರ್ಡ್ ಪರೀಕ್ಷೆಗೆ 250 ರೂಪಾಯಿ. ಅದೇ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗಳಿಗೆ 400, ಹಳ್ಳಿಯ ಮನೆಗಳಿಗೆ 200 ರೂಪಾಯಿ ದಂಡವೆಂದಿತು. ದರ ನಿಗದಿ ಒಳ್ಳೆಯ ಕೆಲಸ, ಅದಕ್ಕೆ ಮೊದಲು ಜನ ಎಷ್ಟೆಷ್ಟೋ ತೆರುತ್ತಿದ್ದರು. ಆದರೆ ಎರಡು ಎಲೈಸಾಗೆ ಸೇರಿ 600, ಕಾರ್ಡ್‌ಗೆ 250 ಎಂದಾಗ ಬಡವರ ಕೈ ಯಾವುದರ ಕಡೆ ಹೋಗುತ್ತದೆಂದು ಊಹಿಸುವುದು ಕಷ್ಟವಲ್ಲ.

ಆದರೆ ಸರ್ಕಾರ ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಲೈಸಾವನ್ನು. ರಾಷ್ಟ್ರೀಯ ಕಾರ್ಯಕ್ರಮ ಕಾರ್ಡ್‌ನ ಫಲಿತಾಂಶವನ್ನು ದೃಢಪಟ್ಟ ಪ್ರಕರಣವೆಂದು ಒಪ್ಪುವುದಿಲ್ಲ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ತಯಾರಿಸುವ ಐಜಿಎಂ ಕಿಟ್‌ಗಳು ರೋಗದ ಮೇಲೆ ಕಣ್ಣಿಡಲು ಗೊತ್ತುಮಾಡಿದ ದೇಶದ ನಿಗಾ ಆಸ್ಪತ್ರೆಗಳಿಗೆ ಉಚಿತವಾಗಿ ಹೋಗುತ್ತವೆ. 2007ರಲ್ಲಿ 110 ಇದ್ದ ಅಂಥ ಆಸ್ಪತ್ರೆಗಳ ಸಂಖ್ಯೆ ಈಗ 800 ದಾಟಿದೆ. ಅಲ್ಲಿ ಹೊರಬೀಳುವ ಸಂಖ್ಯೆಗೂ ಬೀದಿಬೀದಿಯಲ್ಲಿ ಕೇಳಿಬರುವ 'ಡೆಂಗಿ ಆಗಿದೆ' ಎಂಬ ಮಾತಿಗೂ ತಾಳೆಯಾಗದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಸರ್ಕಾರ ಮುಚ್ಚಿಡುತ್ತಿದೆ ಎಂದು ಜನ ಹೇಳುತ್ತಾರೆ, ಜನ ಸುಮ್ಮನೆ ಹೆದರುತ್ತಾರೆ ಎಂದು ಅಧಿಕಾರಿಗಳು ಹೇಳುತ್ತಾರೆ. ಇಬ್ಬರೂ ಬೇರೆ ಬೇರೆ ಪರೀಕ್ಷೆಗಳನ್ನು ಎಣಿಸುತ್ತಿದ್ದಾರೆ.

ನನಗೆ ಕಾಡುವ ಕೊರತೆ ಇದಕ್ಕಿಂತ ಚಿಕ್ಕದು, ಸರಿಪಡಿಸಲು ದುಡ್ಡೂ ಬೇಡ. ಮನೆಯಲ್ಲಿರುವ ಎರಡೂ ವರದಿಗಳನ್ನು ಮತ್ತೆ ನೋಡಿದೆ. ಹೆಸರಿದೆ, ವಯಸ್ಸಿದೆ, ರಕ್ತ ತೆಗೆದ ಗಂಟೆ ನಿಮಿಷವೂ ಇದೆ. ಜ್ವರ ಶುರುವಾದ ದಿನ ಎಲ್ಲೂ ಇಲ್ಲ. ಎನ್‌ಎಸ್‌1ಕ್ಕಾಗಲಿ ಐಜಿಎಂಗಾಗಲಿ ಅದಿಲ್ಲದೆ ಅರ್ಥವೇ ಇಲ್ಲ. ರಕ್ತ ಕೊಡುವ ಚೀಟಿಯಲ್ಲಿ 'ಜ್ವರದ ಎಷ್ಟನೆಯ ದಿನ' ಎಂಬ ಒಂದು ಖಾನೆ, ವರದಿಯ ಕೆಳಗೆ ಕನ್ನಡದಲ್ಲಿ ಎರಡು ವಾಕ್ಯ: ಐಜಿಜಿ ಮಾತ್ರ ಇದ್ದರೆ ಹಳೆಯ ಸೋಂಕಿರಬಹುದು, ಎರಡನೆಯ ಸೋಂಕಿನ ಆರಂಭವೂ ಇರಬಹುದು, ಐದನೆಯ ದಿನದ ನಂತರ ಐಜಿಎಂ ಎಲೈಸಾ ಮಾಡಿಸಿ. ದರ ನಿಗದಿ ಮಾಡಿ ಆದೇಶ ಹೊರಡಿಸಬಲ್ಲ ಸರ್ಕಾರಕ್ಕೆ ಈ ಖಾನೆಯನ್ನು ಕಡ್ಡಾಯ ಮಾಡುವುದು ದೊಡ್ಡ ಕೆಲಸವಲ್ಲ.

ಹುಡುಗನನ್ನು ಉಳಿಸಿದ್ದು ಪ್ರತಿಕಾಯದ ಪರೀಕ್ಷೆಯಲ್ಲ ಎಂಬುದನ್ನೂ ಹೇಳಬೇಕು. ಐಜಿಎಂ ವರದಿ ಬರುವ ಮೊದಲೇ ತಾಲ್ಲೂಕು ಆಸ್ಪತ್ರೆಯ ವೈದ್ಯೆ ಡ್ರಿಪ್ ಹಾಕಿಸಿದ್ದರು. ಐದನೆಯ ದಿನ ಅವನ ಜ್ವರ ಇಳಿದಿತ್ತು, ನಾವು ಗುಣವಾಯಿತೆಂದುಕೊಂಡಿದ್ದೆವು. ಡೆಂಗಿಯಲ್ಲಿ ಜ್ವರ ಇಳಿಯುವ ಆ ಒಂದೆರಡು ದಿನಗಳೇ ಅಪಾಯದವು. ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತ ಮಂದವಾಗುತ್ತದೆ. ನಾವೆಲ್ಲ ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುತ್ತಿದ್ದರೆ (ನಮ್ಮೂರಿನಲ್ಲಿ ಅದನ್ನು ಈಗಲೂ ಬಿಳಿ ರಕ್ತಕಣ ಎಂದೇ ಕರೆಯುತ್ತಾರೆ, ಅದು ಬೇರೆಯೇ ಕಣ), ಆಕೆ ನೋಡುತ್ತಿದ್ದುದು ರಕ್ತ ಎಷ್ಟು ಮಂದವಾಗಿದೆ ಎಂಬ ಹೆಮಟೋಕ್ರಿಟ್ ಅಂಕೆಯನ್ನು, ಅವನ ಕೈಕಾಲು ತಣ್ಣಗಾಗಿದೆಯೇ ಎಂಬುದನ್ನು, ಮೂತ್ರ ಎಷ್ಟು ಹೊತ್ತಿಗೊಮ್ಮೆ ಹೋಗುತ್ತಿದ್ದಾನೆ ಎಂಬುದನ್ನು. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಟ್ಟಿದ್ದೀರಾ ಎಂದು ಎರಡು ಸಲ ಕೇಳಿದರು. ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ತಂಗಿ ಮುಂದೆ ಚಾಚಿದ ಕಾರ್ಡ್ ವರದಿಯನ್ನು ಅರ್ಧ ನಿಮಿಷ ನೋಡಿ ಪಕ್ಕಕ್ಕಿಟ್ಟು, ಜ್ವರ ಶುರುವಾದದ್ದು ಯಾವತ್ತು ಎಂದರು.

ಸೋಮವಾರವೋ ಮಂಗಳವಾರವೋ ಎಂದು ನಾವು ಮುಖ ಮುಖ ನೋಡಿಕೊಂಡೆವು. ಸೋಮವಾರ ಸಂಜೆ ಆಟ ಬಿಟ್ಟು ಬೇಗ ಬಂದು ಮಲಗಿದ್ದೆ ಎಂದು ಹಾಸಿಗೆಯಲ್ಲಿದ್ದ ಹುಡುಗನೇ ಹೇಳಿದ. ಆಕೆ ಕೇಸ್ ಶೀಟಿನ ಮೇಲ್ತುದಿಯಲ್ಲಿ ದೊಡ್ಡದಾಗಿ 6 ಎಂದು ಬರೆದು ಸುತ್ತ ಒಂದು ವೃತ್ತ ಎಳೆದರು.